ಬ್ರೇಕು ಹಿಡಿದವರ ಊರು

ಕೆಜಿಎಫ್ ಅಂದರೆ ಜನ ಚಿನ್ನದ ಲೆಕ್ಕ ಕೇಳುತ್ತಾರೆ. ಎಷ್ಟು ಆಳ ತೋಡಿದರು, ಎಷ್ಟು ಟನ್ ತೆಗೆದರು, ಬಿಳಿಯರು ಎಷ್ಟು ಕೊಂಡೊಯ್ದರು ಅಂತ. ನನಗೆ ಮಾತ್ರ ಇದು ಬ್ರೇಕು ಹಿಡಿದವರ ಊರು. ನಮ್ಮಪ್ಪ ನಂದಿದುರ್ಗ ಮೈನ್ಸಿನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಸೋದರಮಾವ ಬಂಗಾರಪೇಟೆಯಿಂದ ಕೋಲಾರಕ್ಕೆ ಹೋಗುತ್ತಿದ್ದ ಚಿಕ್ಕ ಗಾಡಿಯಲ್ಲಿ ಫೈರ್‌ಮನ್. ನಾನು ಸೈನ್ಯಕ್ಕೆ ಸಾಮಾನು ಸಾಗಿಸುವ ಎಎಸ್‌ಸಿ ದಳದಲ್ಲಿ ಲಾರಿ ಓಡಿಸಿ ಬಂದವನು, ಈಗ ಬಂಗಾರಪೇಟೆಯಲ್ಲಿ ಡ್ರೈವಿಂಗ್ ಕಲಿಸುತ್ತೇನೆ. ಮೂವರ ಹೊಟ್ಟೆಯನ್ನೂ ಹೊರೆದದ್ದು ನಿಲ್ಲಿಸುವ ವಿದ್ಯೆಯೇ.

ಕಲಿಯಲು ಬರುವ ಹುಡುಗರಲ್ಲಿ ಕೆಲವರು ಲಡಾಖಿಗೆ ಬೈಕಿನಲ್ಲಿ ಹೊರಡುತ್ತಾರೆ, ಕೆಲವರು ಕೆನಡಾ, ಜರ್ಮನಿ ಅಂತ ಹೋಗುತ್ತಾರೆ, ಇನ್ನು ಕೆಲವರು ಸೈನ್ಯಕ್ಕೆ ಸೇರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಎಬಿಎಸ್ ಇದೆಯಲ್ಲ ಸಾರ್, ಹಿಮದಲ್ಲಿ ಭಯ ಇಲ್ಲ ಅಲ್ವಾ?" ಇದಕ್ಕೆ ಹೌದು ಅಂತಲೋ ಇಲ್ಲ ಅಂತಲೋ ಒಂದೇ ಮಾತಿನಲ್ಲಿ ಹೇಳಿದರೆ ಸುಳ್ಳು ಹೇಳಿದಂತೆ. ಹಿಮ ಬೀಳದ ಈ ಊರಿನಲ್ಲಿ ಕೂತು ನಾನು ಎಬಿಎಸ್‌ನ ಚರಿತ್ರೆ ಬರೆಯಲು ಕಾರಣ ಇದೆ. ಬ್ರೇಕು ತುಳಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ, ಹಿಡಿದು ಬಿಟ್ಟು ಮಾಡುವುದು ಎಬಿಎಸ್ ಎಂಬ ಯಂತ್ರದ ಕೆಲಸ. ಅದನ್ನು ನಮ್ಮೂರಿನ ಜನ ಕೈಯಿಂದ, ಕಾಲಿನಿಂದ ಮಾಡುತ್ತಿದ್ದರು. ಅವರ ಹೆಸರು ಯಾವ ಪುಸ್ತಕದಲ್ಲೂ ಸೇರದೆ ಹೋಗುತ್ತಿರುವುದು ನನಗೆ ಸಹಿಸಲಾಗದ ಸಂಗತಿ.

ಮೊದಲು ಮೈನ್ಸು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಬಂದ ಮೇಲೆ ಶಾಫ್ಟುಗಳು ಇಳಿಯುತ್ತಲೇ ಹೋದವು. ಚಾಂಪಿಯನ್ ರೀಫ್ ಕೊನೆಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಷ್ಟು ಆಳಕ್ಕೆ ಆಳುಗಳನ್ನು ಇಳಿಸುವುದು, ಅದಿರನ್ನು ಎತ್ತುವುದು ಎಲ್ಲವೂ ಉಕ್ಕಿನ ಹಗ್ಗದ ಮೇಲೆ. ಹಳೆಯ ಕಾಲದಲ್ಲಿ ಹಬೆಯ ಎಂಜಿನ್ನು, ಆಮೇಲೆ ವಿದ್ಯುತ್ ಮೋಟಾರು. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು 1902ರಲ್ಲಿ ನಮ್ಮೂರಿಗೆ ಬಂದದ್ದು ಎಲ್ಲರಿಗೂ ಗೊತ್ತು. ಹಗ್ಗ ಸುತ್ತುವ ದೊಡ್ಡ ಡ್ರಮ್ಮನ್ನು ತಡೆಯುತ್ತಿದ್ದ ಬ್ರೇಕಿನ ವಿಷಯ, ಅದರ ಹಿಡಿಯ ಮೇಲೆ ಕೈ ಇಟ್ಟು ಕೂರುತ್ತಿದ್ದವರ ವಿಷಯ ಅಷ್ಟಾಗಿ ಯಾರೂ ಕೇಳುವುದಿಲ್ಲ.

ವೈಂಡಿಂಗ್ ಡ್ರೈವರಿಗೆ ತಾನು ಇಳಿಸುತ್ತಿರುವ ಕೇಜು ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ಮನೆಯಲ್ಲಿ ಒಂದು ಆಳದ ಮಾಪಕ, ಡ್ರಮ್ಮಿನ ಮೇಲೆ ಬಳಿದ ಗುರುತು, ಕೆಳಗಿನಿಂದ ಬರುವ ಗಂಟೆ, ಇಷ್ಟೇ. ಓಡುತ್ತಿರುವಾಗ ಗಂಟೆ ಒಂದು ಸಲ ಬಡಿದರೆ ನಿಲ್ಲಿಸಬೇಕು. ಆದರೆ ತಕ್ಷಣ ಬಿಗಿಹಿಡಿದು ನಿಲ್ಲಿಸುವ ಹಾಗಿಲ್ಲ. ಸಾವಿರಾರು ಅಡಿ ಕೆಳಗೆ ಬಿಟ್ಟ ಉಕ್ಕಿನ ಹಗ್ಗ ಎಳೆದಷ್ಟು ಹಿಗ್ಗುತ್ತದೆ. ಮೇಲೆ ಡ್ರಮ್ಮು ಗಪ್ಪೆಂದು ನಿಂತರೆ ಕೆಳಗೆ ಕೇಜು ಕುಣಿಯುತ್ತದೆ, ಒಳಗಿದ್ದವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಹಗ್ಗಕ್ಕೆ ಏಟು ಬೀಳುತ್ತದೆ. ಅಪ್ಪ ಹೇಳುತ್ತಿದ್ದರು: "ಹಿಡಿಯೋದು ಯಾರಿಗಾದ್ರೂ ಬರುತ್ತೆ ಕಣೋ. ಹಿಡಿತಾ ಹಿಡಿತಾ ಬಿಡಬೇಕು, ಬಿಡ್ತಾ ಬಿಡ್ತಾ ಹಿಡೀಬೇಕು. ಕೆಳಗಿರೋ ಜನಕ್ಕೆ ನಿಂತಿದ್ದೇ ಗೊತ್ತಾಗಬಾರದು." ಊಟಕ್ಕೆ ಕೂತಾಗಲೂ ಅವರ ಬಲಗೈ ತಟ್ಟೆಯ ಅಂಚನ್ನು ಮೆಲ್ಲಗೆ ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿತ್ತು. ಅವರಿಗೇ ಅದು ತಿಳಿಯುತ್ತಿರಲಿಲ್ಲ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅಪ್ಪ ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು. ಆ ಕೈಯ ವಿದ್ಯೆಗೆ ಅವತ್ತಿನಿಂದ ಕೆಲಸವಿಲ್ಲದಂತಾಯಿತು.

ಎರಡನೆಯದು ರೈಲು. ಬಂಗಾರಪೇಟೆಯನ್ನು ಹಿಂದೆ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಅಲ್ಲಿಂದ ಮಾರಿಕುಪ್ಪಕ್ಕೆ ಹತ್ತು ಮೈಲಿಯ ರೈಲು ದಾರಿ 1894ರಲ್ಲಿ ತೆರೆಯಿತು. ಕೋಲಾರದ ಕಡೆಗೆ ಎರಡೂವರೆ ಅಡಿ ಅಗಲದ ಚಿಕ್ಕ ದಾರಿ 1913ರಲ್ಲಿ ಬಂತು. ರೈಲಿನ ಚಕ್ರವೂ ಉಕ್ಕು, ಹಳಿಯೂ ಉಕ್ಕು. ಒಣಗಿದ ಡಾಂಬರಿನ ಮೇಲೆ ರಬ್ಬರ್ ಟೈರಿಗೆ ಸಿಗುವ ಹಿಡಿತದ ಅರ್ಧವೂ ಅಲ್ಲಿ ಇಲ್ಲ. ಮಂಜು ಬಿದ್ದ ಹಳಿಯ ಮೇಲೆ ಇನ್ನೂ ಕಡಿಮೆ. ಲಾರಿಯವನು ಮಂಜುಗಡ್ಡೆಯ ಮೇಲೆ ಅಪರೂಪಕ್ಕೆ ಎದುರಿಸುವ ಕಷ್ಟವನ್ನು ಎಂಜಿನ್ ಡ್ರೈವರ್ ದಿನಾ ಬೆಳಗ್ಗೆ ಎದುರಿಸುತ್ತಾನೆ. ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಇಬ್ಬನಿ ಎಷ್ಟು ದಟ್ಟ ಎಂದು ಮೊದಲ ಗಾಡಿಗೆ ಬೆಂಗಳೂರಿಗೆ ಕೆಲಸಕ್ಕೆ ಹೊರಡುವವರನ್ನು ಕೇಳಬೇಕು.

ಮಾವ ಹೇಳುತ್ತಿದ್ದ ಮರಳಿನ ಮಾತು ನನಗೆ ಇನ್ನೂ ನೆನಪಿದೆ. ಎಂಜಿನ್ನಿನ ಮೇಲಿನ ಪೆಟ್ಟಿಗೆಯಲ್ಲಿ ಒಣ ಮರಳು ತುಂಬಿರುತ್ತಿತ್ತು, ಅದು ಕೊಳವೆಯಲ್ಲಿ ಇಳಿದು ಚಕ್ರದ ಮುಂದೆ ಹಳಿಯ ಮೇಲೆ ಬೀಳುತ್ತಿತ್ತು. ಮರಳು ಒದ್ದೆಯಾದರೆ ಕೊಳವೆ ಕಟ್ಟಿಕೊಳ್ಳುತ್ತದೆ ಎಂದು ಅದನ್ನು ಹುರಿದು ಒಣಗಿಸುತ್ತಿದ್ದರು. ಬ್ರೇಕು ಬಿಗಿಯಾಗಿ ಚಕ್ರ ತಿರುಗುವುದು ನಿಂತು, ಗಾಡಿ ಮಾತ್ರ ಜಾರುತ್ತಾ ಹೋದರೆ ಚಕ್ರದ ಒಂದು ಜಾಗ ಹಳಿಗೆ ಉಜ್ಜಿ ಚಪ್ಪಟೆಯಾಗುತ್ತದೆ. ಆಮೇಲೆ ಆ ಚಕ್ರ ಪ್ರತಿ ಸುತ್ತಿಗೂ ಟಕ್, ಟಕ್ ಎಂದು ಹಳಿಯನ್ನು ಕುಟ್ಟುತ್ತದೆ. ಹಳೆಯ ಗಾಡಿಗಳಲ್ಲಿ ಓಡಾಡಿದವರಿಗೆಲ್ಲ ಆ ಸದ್ದು ಗೊತ್ತು. ಯಾರೋ ಒಬ್ಬರು ಎಲ್ಲೋ ಒಂದು ಕಡೆ ಬೇಕಾದ್ದಕ್ಕಿಂತ ಹೆಚ್ಚು ಹಿಡಿದಿದ್ದಾರೆ ಎಂಬುದರ ಸಾಕ್ಷಿ ಅದು.

ಎಬಿಎಸ್‌ನ ಬೇರು ಇರುವುದೂ ಇಲ್ಲಿಯೇ. 1908ರಲ್ಲೇ ಜೆ. ಇ. ಫ್ರಾನ್ಸಿಸ್ ಎಂಬುವರು ರೈಲಿನ ಚಕ್ರ ಜಾರದಂತೆ ತಡೆಯುವ ಒಂದು ಸಾಧನದ ಬಗ್ಗೆ ಬರೆದಿದ್ದರು. 1928ರಲ್ಲಿ ಜರ್ಮನಿಯ ಕಾರ್ಲ್ ವೆಸ್ಸೆಲ್ ಮೋಟಾರು ವಾಹನಕ್ಕೆ ಪೇಟೆಂಟ್ ಪಡೆದರು. 1936ರಲ್ಲಿ ಬಾಷ್ ಕಂಪನಿ ಪಡೆಯಿತು. ನಮ್ಮ ಬಂಗಾರಪೇಟೆಯ ಎಷ್ಟೋ ಮನೆಗಳಿಗೆ ಸಂಬಳ ತಂದ ಆಡುಗೋಡಿಯ ಮೈಕೋ ಇದೇ ಬಾಷ್‌ನ ಮನೆತನದ್ದು. ಆದರೆ ಕಾಗದದ ಮೇಲಿದ್ದ ಈ ಯೋಚನೆ ಮೊದಲು ವ್ಯಾಪಕವಾಗಿ ಬಳಕೆಗೆ ಬಂದದ್ದು ವಿಮಾನದಲ್ಲಿ. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡನ್‌ಲಪ್‌ನವರು ಮ್ಯಾಕ್ಸಾರೆಟ್ ಎಂಬ ಸಾಧನ ಮಾಡಿದರು. ಚಕ್ರದ ಜೊತೆ ಒಂದು ಸಣ್ಣ ಭಾರದ ಗಾಲಿ ತಿರುಗುತ್ತಿರುತ್ತದೆ. ಚಕ್ರ ಹಠಾತ್ತನೆ ನಿಂತರೆ ಆ ಗಾಲಿ ಮಾತ್ರ ಮುಂದಕ್ಕೆ ತಿರುಗಿ ಬ್ರೇಕಿನ ಒತ್ತಡವನ್ನು ಬಿಡಿಸುತ್ತದೆ. ರನ್‌ವೇಯಲ್ಲಿ ಚಕ್ರ ನಿಂತು ಜಾರಿ ಟೈರು ಸಿಡಿಯುವುದು ಕಡಿಮೆಯಾಯಿತು. ಅದೇ ಮ್ಯಾಕ್ಸಾರೆಟ್ 1966ರಲ್ಲಿ ಜೆನ್ಸನ್ ಎಫ್‌ಎಫ್ ಎಂಬ ಕಾರಿಗೆ ಬಂತು. ಅಂಥ ಕಾರು ತಯಾರಾದದ್ದು ಸುಮಾರು 320 ಮಾತ್ರ.

ಇನ್ನು ನನ್ನ ಪಾಲಿನ ಹಿಮ. ಜೋಜಿ ಲಾ ಎಂಬ ಕಣಿವೆ ದಾರಿ ಶ್ರೀನಗರದಿಂದ ಲೇಹ್‌ಗೆ ಹೋಗುವಾಗ ಸಿಗುತ್ತದೆ, ಎತ್ತರ 3,528 ಮೀಟರ್. ಕನ್ನಡ ನಾಡಿಗೆ ಅದರ ಜೊತೆ ಹಳೆಯ ನಂಟು ಇದೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1948ರ ನವೆಂಬರ್ 1ರಂದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಹಿಮದಲ್ಲಿ ಅಲ್ಲಿಗೆ ಹತ್ತಿಸಿದರು. ಟ್ಯಾಂಕು ಹತ್ತಲು ಕುದುರೆಯ ಕಾಲುದಾರಿಯನ್ನು ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್‌ನವರು, ಅವರ ಮನೆ ಬೆಂಗಳೂರಿನಲ್ಲಿದೆ. ಕೆಜಿಎಫ್‌ನ ಎಷ್ಟೋ ಹುಡುಗರು ಆ ದಳದಲ್ಲಿ ಸೇವೆ ಮಾಡಿದ್ದಾರೆ.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಟ್ಯಾಂಕಿನ ಕಥೆ ಹಳೆಯದು. ನಮ್ಮದು ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೊರುವ ಕಾನ್ವಾಯ್. ಬೇಸಿಗೆಯ ಆರಂಭದಲ್ಲಿ ಬಾರ್ಡರ್ ರೋಡ್ಸ್‌ನವರು ಹಿಮ ಕಡಿದು ದಾರಿ ಮಾಡುತ್ತಿದ್ದರು, ಎರಡೂ ಕಡೆ ಬಿಳಿ ಗೋಡೆ. ಹಗಲು ಬಿಸಿಲಿಗೆ ಗೋಡೆ ಕರಗಿ ನೀರು ರಸ್ತೆಯ ಮೇಲೆ ಹರಿಯುತ್ತದೆ, ರಾತ್ರಿ ಅದು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ನಸುಕಿನಲ್ಲಿ ನೋಡಿದರೆ ಬರೀ ಒದ್ದೆ ಡಾಂಬರಿನಂತೆ ಕಾಣುತ್ತದೆ. ನಮಗೆ ಕಲಿಸುತ್ತಿದ್ದ ಉಸ್ತಾದ್ ಹಿಂದಿಯಲ್ಲಿ ಹೇಳುತ್ತಿದ್ದ ಮಾತು ಒಂದೇ: "ಪಾವ್ ಹಲ್ಕಾ ರಖ್." ಕಾಲು ಹಗುರ ಇರಲಿ. ಅದನ್ನು ಕೇಳಿದಾಗ ನನಗೆ ಅಪ್ಪನ ಎಂಜಿನ್ ಮನೆ ನೆನಪಾಯಿತು. ಅಪ್ಪ ಹಿಮ ಕಂಡವರಲ್ಲ, ಉಸ್ತಾದ್ ಮೈನ್ಸು ಕಂಡವನಲ್ಲ. ಇಬ್ಬರೂ ಒಂದೇ ಪಾಠ ಹೇಳಿದರು.

ನಮ್ಮ ಲಾರಿಗಳಲ್ಲಿ ಎಬಿಎಸ್ ಇರಲಿಲ್ಲ. ಇಳಿಯುವ ಮೊದಲೇ ಕಡಿಮೆ ಗೇರಿಗೆ ಹಾಕಿ, ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಟೈರಿಗೆ ನಾನ್‌ಸ್ಕಿಡ್ ಚೈನು ಸುತ್ತಬೇಕು, ಆ ಚಳಿಯಲ್ಲಿ ಕೊಕ್ಕೆ ಸಿಕ್ಕಿಸುವಾಗ ಬೆರಳಿನ ಚರ್ಮ ಕಬ್ಬಿಣಕ್ಕೆ ಅಂಟಿಕೊಳ್ಳುತ್ತಿತ್ತು. ಏರ್ ಬ್ರೇಕಿನ ಟ್ಯಾಂಕಿನಿಂದ ಸಂಜೆ ನೀರು ಬಿಡಲೇಬೇಕು, ಬಿಡದಿದ್ದರೆ ಬೆಳಗ್ಗೆ ಪೈಪಿನೊಳಗೆ ನೀರು ಗಡ್ಡೆ ಕಟ್ಟಿ ಬ್ರೇಕು ಕೆಲಸ ಮಾಡುವುದಿಲ್ಲ. ಬ್ರೇಕು ತುಳಿಯಲೇಬೇಕಾಗಿ ಬಂದರೆ ತುಳಿದು, ಬಿಟ್ಟು, ತುಳಿದು, ಬಿಟ್ಟು. ಅದಕ್ಕೂ ಮಿತಿ ಇದೆ. ಪ್ರತಿ ತುಳಿತಕ್ಕೂ ಗಾಳಿ ಖರ್ಚಾಗುತ್ತದೆ, ಗೇಜಿನ ಮುಳ್ಳು ಇಳಿಯುತ್ತದೆ, ಕಂಪ್ರೆಸರ್ ತುಂಬುವ ತನಕ ಕಾಯಲು ಇಳಿಜಾರು ಬಿಡುವುದಿಲ್ಲ. ಒಂದು ಸೆಕೆಂಡಿಗೆ ಒಂದೆರಡು ಸಲ ತುಳಿದು ಬಿಡಲು ಮನುಷ್ಯನ ಕಾಲಿಗೆ ಸಾಧ್ಯ. ನಾಲ್ಕು ಚಕ್ರಕ್ಕೆ ನಾಲ್ಕು ಬೇರೆ ಬೇರೆ ಒತ್ತಡ ಕೊಡಲು ಯಾವ ಕಾಲಿಗೂ ಸಾಧ್ಯವಿಲ್ಲ.

ಆ ದಿನಗಳಲ್ಲಿ ಕೆಜಿಎಫ್‌ನ ಲಾರಿಯನ್ನು ನಾನು ಹಿಮದಲ್ಲಿ ಕಂಡೆ. ಬೆಮೆಲ್ ಅಂದರೆ ನಮ್ಮ ಜನಕ್ಕೆ ಡೋಜರ್, ಡಂಪರ್. ನಮ್ಮೂರಿನ ಆ ಸರ್ಕಾರಿ ಕಂಪನಿ ಹುಟ್ಟಿದ್ದು 1964ರಲ್ಲಿ. ಮೈನ್ಸು ಕುಗ್ಗುತ್ತಾ ಹೋದಂತೆ ಊರಿಗೆ ಆಸರೆಯಾಗಿ ನಿಂತದ್ದು ಅದೇ. ಮಾರಿಕುಪ್ಪದ ದಾರಿಯಲ್ಲಿ ಬೆಮೆಲ್ ನಗರ ಎಂದೇ ಒಂದು ನಿಲ್ದಾಣ ಇದೆ. 1980ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ಜೊತೆ ಒಪ್ಪಂದವಾಗಿ ಸೈನ್ಯಕ್ಕೆ ಟಾಟ್ರಾ ಲಾರಿ ಇಲ್ಲಿಂದ ಹೋಗತೊಡಗಿತು. ನಡುವೆ ಒಂದು ದಪ್ಪ ಕೊಳವೆಯೇ ಬೆನ್ನೆಲುಬು, ಅದರ ಎರಡೂ ಕಡೆ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಏರಿಳಿಯುವ ಅರ್ಧ ಆಕ್ಸೆಲ್ಲು. ಹಾನ್ಸ್ ಲೆಡ್ವಿಂಕಾ ಎಂಬ ಎಂಜಿನಿಯರ್ 1923ರ ಟಾಟ್ರಾ 11 ಕಾರಿಗೆ ಮಾಡಿದ ವಿನ್ಯಾಸವೇ ಈ ಲಾರಿಯ ತನಕ ನಡೆದು ಬಂದಿದೆ. ಗಾಳಿಯಿಂದ ತಣಿಯುವ ಎಂಜಿನ್ನು, ಆದ್ದರಿಂದ ರೇಡಿಯೇಟರಿನ ನೀರು ಹೆಪ್ಪುಗಟ್ಟುವ ಚಿಂತೆ ಇಲ್ಲ.

ಟಾಟ್ರಾ ಕಂಪನಿಯವರು ಹೇಳಿಕೊಂಡು ಬಂದ ಒಂದು ಕಥೆ ಇದೆ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ನಾಲ್ಕೂ ಚಕ್ರಕ್ಕೆ ಬ್ರೇಕು ಇಟ್ಟ ಒಂದು ಕಾರನ್ನು ಟಾಟ್ರಾ ಬೆಟ್ಟದ ಮಂಜುಗಡ್ಡೆಯ ರಸ್ತೆಯಲ್ಲಿ ಪರೀಕ್ಷೆ ಮಾಡಿದರಂತೆ, ಹಿಮಗಾಡಿಯಲ್ಲಿ ಹೋಗುತ್ತಿದ್ದವರು ಬೆರಗಾಗಿ ಇದು ಟಾಟ್ರಾಕ್ಕೆ ತಕ್ಕ ಕಾರು ಅಂದರಂತೆ. ಕಂಪನಿಗೆ ಆ ಬೆಟ್ಟದ ಹೆಸರು ಬಂದದ್ದು ಹೀಗೆ ಎನ್ನುತ್ತಾರೆ. ಕಾನ್ವಾಯಿನಲ್ಲಿ ನನ್ನ ಮುಂದೆ ಎಂಟು ಚಕ್ರದ ಟಾಟ್ರಾ ಹೋಗುತ್ತಿದ್ದರೆ, ಇದು ನಮ್ಮೂರಿನ ಗೇಟಿನಿಂದ ಹೊರಟು ಬಂದದ್ದು ಎಂದು ಪಕ್ಕದಲ್ಲಿ ಕೂತ ಪಂಜಾಬಿ ಹುಡುಗನಿಗೆ ಹೇಳುತ್ತಿದ್ದೆ. ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ಯುರೋಪಿನಲ್ಲಿ ಎಬಿಎಸ್ ಬೆಳೆದದ್ದೂ ಹಿಮದ ಮೇಲೆಯೇ. 1970ರ ದಶಕದಲ್ಲಿ ಬಾಷ್‌ನ ಎಂಜಿನಿಯರುಗಳು ಸ್ವೀಡನ್ನಿನ ಉತ್ತರದ ಆರ್ಯೆಪ್ಲೋಗ್‌ನಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕಾರು ಓಡಿಸಿ ಪರೀಕ್ಷೆ ಮಾಡುತ್ತಿದ್ದರು. ಮೊದಲ ಮಾದರಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ ಸುಮಾರು 1,000 ಬಿಡಿಭಾಗ ಇದ್ದವು, ಒಂದು ಕೆಟ್ಟರೂ ಕೆಲಸ ಕೆಟ್ಟಿತು. ಡಿಜಿಟಲ್ ಬಂದ ಮೇಲೆ ಅದು 140ಕ್ಕೆ ಇಳಿಯಿತು. 1978ರಲ್ಲಿ ಎಬಿಎಸ್ ಮರ್ಸಿಡಿಸ್‌ನ ಎಸ್ ಕ್ಲಾಸ್ ಕಾರಿಗೆ ಬಂತು, 1981ರಲ್ಲಿ ಲಾರಿಗೆ, 1988ರಲ್ಲಿ ಬಿಎಂಡಬ್ಲ್ಯು ಬೈಕಿಗೆ. ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಕಡ್ಡಾಯ ಆದದ್ದು ಹೊಸ ಮಾದರಿಗೆ 2018ರ ಏಪ್ರಿಲ್‌ನಿಂದ, ಉಳಿದವಕ್ಕೆ 2019ರ ಏಪ್ರಿಲ್‌ನಿಂದ. ಜರ್ಮನಿಯ ಸಿರಿವಂತರ ಕಾರಿನಿಂದ ರಾಬರ್ಟ್‌ಸನ್‌ಪೇಟೆಯ ಹುಡುಗನ ಬೈಕಿಗೆ ಬರಲು ನಲವತ್ತು ವರ್ಷ ಹಿಡಿಯಿತು.

ಹಾಗಾದರೆ ಮಂಜುಗಡ್ಡೆಯ ಮೇಲೆ ಅದು ಏನು ಮಾಡುತ್ತದೆ? ಪ್ರತಿ ಚಕ್ರದ ಬಳಿ ಒಂದು ಸೆನ್ಸರ್ ಚಕ್ರದ ವೇಗ ನೋಡುತ್ತಿರುತ್ತದೆ. ಒಂದು ಚಕ್ರ ಉಳಿದವಕ್ಕಿಂತ ಬೇಗ ನಿಲ್ಲಲು ಹೊರಟರೆ ಆ ಚಕ್ರದ ಒತ್ತಡ ಮಾತ್ರ ಸಡಿಲವಾಗುತ್ತದೆ, ಮತ್ತೆ ಏರುತ್ತದೆ. ಸೆಕೆಂಡಿಗೆ ಹಲವಾರು ಸಲ. ಕಾಲಿನ ಕೆಳಗೆ ಪೆಡಲ್ ಅದುರುತ್ತದೆ. ನನ್ನ ಹುಡುಗರು ಮೊದಲ ಸಲ ಹೆದರಿ "ಸಾರ್, ಪೆಡಲ್ ಒದೀತಿದೆ!" ಎಂದು ಕಾಲು ತೆಗೆದುಬಿಡುತ್ತಾರೆ. ತೆಗೆಯಬಾರದು. ಹಳೆಯ ಲಾರಿಯಲ್ಲಿ ಕಾಲು ಮಾಡುತ್ತಿದ್ದ ಕೆಲಸ ಈಗ ಕೆಳಗೆ ನಡೆಯುತ್ತಿದೆ, ಒತ್ತಿ ಹಿಡಿದಿರಬೇಕು.

ಚಕ್ರ ತಿರುಗುತ್ತಿದ್ದರೆ ಮಾತ್ರ ಸ್ಟೀರಿಂಗ್ ಮಾತು ಕೇಳುತ್ತದೆ. ಎಬಿಎಸ್ ಕೊಡುವ ದೊಡ್ಡ ವರ ಇದು. ಅಡ್ಡ ಬಂದದ್ದನ್ನು ತಪ್ಪಿಸಿ ಹೋಗಬಹುದು, ಗಾಡಿ ಬುಗುರಿಯ ಹಾಗೆ ತಿರುಗುವ ಅಪಾಯ ಕಡಿಮೆ. ಆದರೆ ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕು ತುಳಿದರೆ ಒಣ ಡಾಂಬರಿನ ಮೇಲೆ ಸುಮಾರು 9 ಮೀಟರಿನಲ್ಲಿ ಗಾಡಿ ನಿಲ್ಲಬಹುದು. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 30 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 60 ಮೀಟರಿಗೂ ಹೆಚ್ಚು. ಇದು ನೆಲದ ಲೆಕ್ಕ, ಎಬಿಎಸ್ ಇದ್ದರೂ ಇದೇ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆ ಪೂರ್ತಿ ಗಡ್ಡೆ ಕಟ್ಟಿದ್ದರೆ, ಚೈನು ಇಲ್ಲದ ಗಾಡಿಯನ್ನು ಯಾವ ಬ್ರೇಕೂ ನಿಲ್ಲಿಸಲಾರದು. ಇನ್ನೊಂದು ವಿಚಿತ್ರ ಅಂದರೆ ಕೊರೆಯುವ ಚಳಿಯ ಗಡ್ಡೆಗಿಂತ ಕರಗಲು ಹೊರಟ ಗಡ್ಡೆಯೇ ಹೆಚ್ಚು ಜಾರುವುದು. ಚಳಿ ಕಡಿಮೆಯಾಯಿತು ಎಂದು ಡ್ರೈವರ್ ಧೈರ್ಯ ತಾಳುವ ಹೊತ್ತಿನಲ್ಲೇ ಅಪಾಯ ಹೆಚ್ಚು.

ಹೊಸದಾಗಿ ಬಿದ್ದ ಸಡಿಲ ಹಿಮದಲ್ಲಿ ವಿಷಯವೇ ಉಲ್ಟಾ. ಅಲ್ಲಿ ನಿಂತುಹೋದ ಚಕ್ರ ಹಿಮವನ್ನು ಮುಂದಕ್ಕೆ ತಳ್ಳಿ ಒಂದು ಗುಡ್ಡೆ ಮಾಡಿಕೊಳ್ಳುತ್ತದೆ, ಆ ಗುಡ್ಡೆಯೇ ಗಾಡಿಯನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ತಿರುಗಿಸುತ್ತಲೇ ಇರುವುದರಿಂದ ಗುಡ್ಡೆ ಆಗುವುದಿಲ್ಲ, ಗಾಡಿ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಇದನ್ನು ನಮ್ಮೂರಿನಲ್ಲೇ ತೋರಿಸಬಹುದು. ಅದಿರು ಅರೆದು, ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಸುರಿದ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು, ಅದೇ ನಮ್ಮ ಸೈನೈಡ್ ಗುಡ್ಡಗಳು. ಗಾಳಿ ಎದ್ದರೆ ಆ ನುಣ್ಣನೆಯ ಪುಡಿ ಹಾರಿ ರಸ್ತೆಯ ಅಂಚಿನಲ್ಲಿ ಕೂರುತ್ತದೆ. ಮನೆಯವರ ಎದೆಯಲ್ಲೂ ಕೂರುತ್ತದೆ, ಆ ಸಂಕಟವನ್ನು ಬೇರೆಯಾಗಿಯೇ ಬರೆಯಬೇಕು. ಆ ಪುಡಿಯ ಮೇಲೆ ಬೈಕಿನ ಎಬಿಎಸ್ ಸಡಿಲ ಹಿಮದಲ್ಲಿ ನಡೆದುಕೊಳ್ಳುವ ಹಾಗೆಯೇ ನಡೆದುಕೊಳ್ಳುತ್ತದೆ. ಬ್ರೇಕು ಕಟಕಟ ಅನ್ನುತ್ತದೆ, ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ.

ತಯಾರಿಸುವವರಿಗೂ ಇದು ಗೊತ್ತು. ಆಡಿ ಕ್ವಾಟ್ರೋದ ಹಳೆಯ ಕಾರುಗಳಲ್ಲಿ ಎಬಿಎಸ್ ಆರಿಸುವ ಗುಂಡಿ ಇತ್ತು. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ ಬೈಕಿಗೆ 2020ರಲ್ಲಿ ಹಿಂದಿನ ಚಕ್ರದ ಎಬಿಎಸ್ ಆರಿಸುವ ಗುಂಡಿ ಕೊಟ್ಟರು. ಆರಿಸುವ ಗುಂಡಿ ಇದೆ ಎಂದು ಖುಷಿಪಡುವ ಹುಡುಗರಿಗೆ ನಾನು ಮೊದಲು ಹೇಳುವುದು, ಅದನ್ನು ಒತ್ತಿದ ಕ್ಷಣದಿಂದ ನೀನೇ ವೈಂಡಿಂಗ್ ಡ್ರೈವರ್ ಅಂತ. ಹಾಗೆಂದರೆ ಯಾರು ಎಂದು ಅವರು ಕೇಳುತ್ತಾರೆ. ಅಪ್ಪ ಸತ್ತು ಬಹಳ ಕಾಲವಾಗಿಲ್ಲ, ಹುಡುಗರಿಗೆ ಆಗಲೇ ಆ ಕೆಲಸದ ಹೆಸರೂ ಗೊತ್ತಿಲ್ಲ.

ಅದಕ್ಕೇ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಊರಿಗಾಂ, ಚಾಂಪಿಯನ್ ರೀಫ್, ಆಂಡರ್‌ಸನ್‌ಪೇಟೆಯ ಲೈನ್ ಮನೆಗಳಲ್ಲಿ ಹಳೆಯ ವೈಂಡಿಂಗ್ ಡ್ರೈವರುಗಳು ಇನ್ನೂ ಕೆಲವರಿದ್ದಾರೆ. ತಮಿಳು, ತೆಲುಗು, ಕನ್ನಡ ಯಾವುದರಲ್ಲಿ ಹೇಳಿದರೂ ಬರೆದುಕೊಳ್ಳುತ್ತೇನೆ: ಯಾವ ಶಾಫ್ಟು, ಎಷ್ಟು ಆಳ, ಹಗ್ಗ ಒದ್ದೆಯಾದಾಗ ಏನು ಮಾಡುತ್ತಿದ್ದರು, ಬ್ರೇಕನ್ನು ಎಲ್ಲಿ ಹಿಡಿದು ಎಲ್ಲಿ ಬಿಡುತ್ತಿದ್ದರು. ಬೆಮೆಲ್‌ನಲ್ಲಿ ಟಾಟ್ರಾ ಜೋಡಿಸಿದವರನ್ನೂ, ಚಿಕ್ಕ ಗಾಡಿಯಲ್ಲಿ ಮರಳು ಹುರಿದವರನ್ನೂ ಹುಡುಕುತ್ತಿದ್ದೇನೆ. ಭಾನುವಾರ ಮಾರಿಕುಪ್ಪಕ್ಕೆ ಹೋಗಬೇಕು. ಅಲ್ಲೊಬ್ಬರು ಅಪ್ಪನ ಜೊತೆ ಪಾಳಿ ಮಾಡಿದವರು, ಬೆಳಗಿನ ಹೊತ್ತು ಮಾತ್ರ ಅವರಿಗೆ ಕಿವಿ ಚೆನ್ನಾಗಿ ಕೇಳುತ್ತದಂತೆ.